ಏಕಾಕಿಯ ಹಗ್ಗ

ಅಮೇರಿಕಾ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಸಿಯೆರಾ ನೆವಾಡಾ ಎಂಬ ಪರ್ವತಶ್ರೇಣಿಯುಂಟು. ಅದರ ಮಡಿಲಲ್ಲಿ, ಮರ್ಸೆಡ್ ನದಿಯು ಹರಿಯುವ ಯೊಸೆಮಿಟಿ ಕಣಿವೆಯಲ್ಲಿ, ಎಲ್ ಕ್ಯಾಪಿಟನ್ ಎಂಬ ಮಹಾಶಿಲೆಯು ನಿಂತಿರುವುದು. ಬುಡದಿಂದ ನೆತ್ತಿಗೆ ಸುಮಾರು 3,000 ಅಡಿ. ಗೋಡೆಯಂತೆ ನೆಟ್ಟಗೆ ಎದ್ದ ಗ್ರಾನೈಟ್ ಬಂಡೆ. ಆ ದೇಶದಲ್ಲಿ ನೆಲಸಿರುವ ನಮ್ಮ ಮಗನು ನಮ್ಮನ್ನು ಅಲ್ಲಿಗೆ ಕರೆದೊಯ್ದಾಗ, ಎದುರಿನ ಹುಲ್ಲುಗಾವಲಿನಲ್ಲಿ ಜನರು ದುರ್ಬೀನು ಹಿಡಿದು ಆ ಬಂಡೆಯನ್ನೇ ನೋಡುತ್ತಿದ್ದರು. ನಾವೂ ನೋಡಿದೆವು. ಬಂಡೆಯ ನಡುವೆ ಒಂದು ಕೆಂಪು ಚುಕ್ಕೆ, ಅದು ಮನುಷ್ಯ. ಜೊತೆಗೆ ಯಾರೂ ಇರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಆತನು ಕೆಳಕ್ಕೆ ಇಳಿಯತೊಡಗಿದನು. “ಅಯ್ಯೋ ಪಾಪ, ಸೋತು ಹಿಂದಿರುಗುತ್ತಿರುವನಲ್ಲ!” ಎಂದರು ನಮ್ಮ ಮನೆಯವರು. “ಇಲ್ಲಮ್ಮ, ಅವನು ಜೊತೆಗಾರನ ಕೆಲಸ ಮಾಡಲು ಇಳಿಯುತ್ತಿದ್ದಾನೆ” ಎಂದನು ಮಗ. ಈ ಮಾತಿನಲ್ಲಿಯೇ ಏಕಾಕಿ ಆರೋಹಣದ ಮರ್ಮವೆಲ್ಲವೂ ಅಡಗಿದೆ.

ಇಬ್ಬರು ಹತ್ತುವಾಗ ಒಬ್ಬನು ಮುಂದೆ ಹೋಗುವನು. ಇನ್ನೊಬ್ಬನು ಕೆಳಗೆ ನಿಂತು ಹಗ್ಗವನ್ನು ಬಿಡುತ್ತ, ಬಿದ್ದರೆ ಹಿಡಿಯುವನು. ಒಬ್ಬನೇ ಹತ್ತುವವನು ಹಗ್ಗದ ಕೆಳತುದಿಯನ್ನು ಬಂಡೆಗೆ, ಮೇಲ್ಮುಖವಾದ ಸೆಳೆತಕ್ಕೂ ಕಿತ್ತುಬಾರದಂತೆ, ಬಿಗಿಯುವನು. ಆತನ ನಡುಪಟ್ಟಿಯಲ್ಲಿರುವ ಸಾಧನವು ಏರುವಾಗ ಹಗ್ಗವನ್ನು ಬಿಟ್ಟು, ಬಿದ್ದೊಡನೆ ಕಚ್ಚಿ ಹಿಡಿಯುವುದು. ಅದು ಕೈಕೊಟ್ಟೀತೆಂದು ಅಲ್ಲಲ್ಲಿ ಹಗ್ಗಕ್ಕೆ ಗಂಟುಹಾಕಿ ಅದನ್ನೂ ನಡುಪಟ್ಟಿಗೆ ಸಿಕ್ಕಿಸಿಕೊಂಡಿರುವನು. ಹಗ್ಗ ಮುಗಿದಲ್ಲಿ ಅದರ ಮೇಲ್ತುದಿಯನ್ನು ಭದ್ರಪಡಿಸಿ, ಬೆನ್ನಹಿಂದೆ ಎಳೆತಂದ ಎರಡನೆಯ ಹಗ್ಗದಿಂದ ಕೆಳಗಿಳಿದು, ಜೂಮಾರ್ ಎಂಬ ಹಿಡಿಗಳ ಸಹಾಯದಿಂದ ಮೊದಲನೆಯ ಹಗ್ಗವನ್ನೇರುತ್ತ, ದಾರಿಯಲ್ಲಿ ಬಿರುಕುಗಳಿಗೆ ತಾನೇ ತೊಡಿಸಿದ್ದ ಆಧಾರಗಳನ್ನು ಬಿಡಿಸಿಕೊಂಡು ಬರುವನು. ಹೀಗೆ ಸುಮಾರು 30 ಹಂತಗಳು. 3,000 ಅಡಿಯ ಬಂಡೆಗೆ 6,000 ಅಡಿ ಏರಿ 3,000 ಅಡಿ ಇಳಿದಂತಾಯಿತು.

ಇಷ್ಟಕ್ಕೇ ಮುಗಿಯಲಿಲ್ಲ, ಮೂಟೆಯೂ ಮೇಲಕ್ಕೆ ಬರಬೇಕು. ದಿನಕ್ಕೆ 4 ಲೀಟರಿನಂತೆ 10 ದಿನಕ್ಕೆ ನೀರೇ 40 ಕಿಲೋಗ್ರಾಂ. ನಮ್ಮ ಬಾವಿಯ ರಾಟೆಯಂತಹ ಸಣ್ಣ ರಾಟೆಯನ್ನು ಕಟ್ಟಿ, ಹಗ್ಗವು ಹಿಂದಕ್ಕೆ ಜಾರದಂತೆ ಅದಕ್ಕೊಂದು ಹಲ್ಲನ್ನಿಟ್ಟು, ತನ್ನ ದೇಹದ ಭಾರವನ್ನೇ ಎದುರುತೂಕವಾಗಿ ಬಿಟ್ಟು ಎಳೆಯುವನು. ರಾತ್ರಿ ಬಂಡೆಗೆ ತೂಗುಮಂಚವನ್ನು ಬಿಗಿದು, ಹಗ್ಗವನ್ನು ಕಳಚದೆಯೇ ನಿದ್ರಿಸುವನು.

ಅಲ್ಲಿ ಕೈಜಾರಿದ ವಸ್ತುವು ಮರಳಿ ಸಿಕ್ಕದು. ಕೆಳಗಿನವರ ಪ್ರಾಣಕ್ಕೂ ಎರವಾದೀತು. ಆದುದರಿಂದ ಪ್ರತಿಯೊಂದು ಸಾಧನವೂ ಗಾತ್ರಾನುಸಾರವಾಗಿ ತನ್ನ ಸ್ಥಾನದಲ್ಲಿ ತೂಗಬೇಕು. ಒಂದು ಕೊಂಡಿಯನ್ನು ಕಳಚುವ ಮುನ್ನ ಇನ್ನೊಂದು ಸಿಕ್ಕಿರಬೇಕು. ಹಗ್ಗವು ಗಾಳಿಗೆ ಹಾರಿ ಬಂಡೆಯ ಕೋಡಿಗೆ ತೊಡರದಂತೆ ಚೀಲದೊಳಗೆ ಸುರುಳಿಗೊಂಡಿರಬೇಕು. ಕತ್ತರಿಯನ್ನು ಅದರ ಮೊಳೆಗೇ ಮರಳಿ ತೂಗುಹಾಕುವ ಗೃಹಿಣಿಗೆ ಈ ವಿದ್ಯೆಯ ಮೊದಲ ಪಾಠವು ಆಗಲೇ ಬಂದಿದೆಯೆನ್ನಬಹುದು.

1958ರಲ್ಲಿ ವಾರನ್ ಹಾರ್ಡಿಂಗ್ ಮತ್ತು ಸಂಗಡಿಗರು ಈ ಮಹಾಭಿತ್ತಿಯನ್ನು ಮೊದಲು ಏರಿದರು. ಹಲವು ತಿಂಗಳುಗಳಲ್ಲಿ ಹಂಚಿಹೋದ 45 ದಿನಗಳ ದುಡಿಮೆ ಅದು. 1968ರಲ್ಲಿ ರಾಯಲ್ ರಾಬಿನ್ಸ್ ಎಂಬಾತನು ಸುಮಾರು 10 ದಿನಗಳಲ್ಲಿ ಒಬ್ಬನೇ ಏರಿದನು. 1978ರಲ್ಲಿ ಬೆವರ್ಲಿ ಜಾನ್ಸನ್ ಎಂಬ ಮಹಿಳೆಯೂ ಏಕಾಕಿನಿಯಾಗಿ ಅದನ್ನು ಸಾಧಿಸಿದಳು. 2017ರಲ್ಲಿ ಅಲೆಕ್ಸ್ ಹಾನಲ್ಡ್ ಹಗ್ಗವೇ ಇಲ್ಲದೆ ನಾಲ್ಕು ಗಂಟೆಗಳೊಳಗೆ ಏರಿದನು. ಆ ಸಾಹಸದ ಜಾತಿಯೇ ಬೇರೆ.

ಜೊತೆಗಾರನಿದ್ದರೆ “ಗಂಟು ಸರಿಯಾಗಿದೆಯೇ?” ಎಂದು ಕೇಳುವ ಒಂದು ಬಾಯಿಯಿರುವುದು. ಒಬ್ಬನೇ ಇರುವವನು ಹಸಿದಾಗಲೂ ದಣಿದಾಗಲೂ, ಕತ್ತಲೆ ಕವಿದಾಗಲೂ ಆ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡು, ಕೈಯಿಂದ ಮುಟ್ಟಿ ನೋಡಿಯೇ ಉತ್ತರ ಹೇಳಬೇಕು. ಸಂಸ್ಕೃತದಲ್ಲಿ ಗುಣವೆಂಬ ಪದಕ್ಕೆ ಹಗ್ಗವೆಂದೂ ಸದ್ಗುಣವೆಂದೂ ಅರ್ಥವುಂಟು. ನಾವು ಅದನ್ನು ಶ್ಲೇಷೆಯ ಉದಾಹರಣೆಯೆಂದು ಅನೇಕ ವರ್ಷ ಬೋಧಿಸಿದ್ದೇವೆ. ಆ ಬಂಡೆಯ ಮೇಲೆ ತೂಗುವವನಿಗೆ ಮಾತ್ರ ಎರಡೂ ಒಂದೇ ಅರ್ಥ. ಒಂದು ಸಡಿಲಿದರೆ ಇನ್ನೊಂದು ಕಾಯಲಾರದು.