540 ಕೆ.ಜಿ. ಗಾಡಿ

ನಿಮ್ಮ ಜೇಬಲ್ಲಿ 50 ರೂಪಾಯಿ ನೋಟಿದ್ರೆ ಒಮ್ಮೆ ತೆಗೆದು ನೋಡಿ. ಫೋನ್ ತೋರಿಸಿ ದುಡ್ಡು ಕೊಡೋ ಕಾಲದಲ್ಲಿ ನೋಟೆಲ್ಲಿಂದ ಬರ್ಬೇಕು ಅಂತೀರಾ? ಸರಿ, ನಾನೇ ಹೇಳ್ತೀನಿ. 2017ರಿಂದ ಚಲಾವಣೆಯಲ್ಲಿರೋ ಆ ನೀಲಿ ನೋಟಿನ ಹಿಂದೆ ನಮ್ಮೂರಿನ ಗಾಡಿ ಇದೆ. ಹಂಪಿಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥ. "ನಿಮ್ಮ ಹೊಸಪೇಟೆ ಕಡೆ ಕಾರ್ ಕ್ರೇಜ್ ಎಲ್ಲಾ ಇದ್ಯಾ?" ಅಂತ ಬೆಂಗಳೂರಿನ ಆಫೀಸಲ್ಲಿ ಕೇಳಿದವರಿಗೆಲ್ಲ ನಾನು ಕೊಡೋ ಉತ್ತರ ಇದೇ. ಒಂದೇ ಬಂಡೇಲಿ ಕೆತ್ತಿದ್ದು ಅಂತ ಎಷ್ಟೋ ಜನ ನಂಬಿದ್ದಾರೆ. ಅಲ್ಲ, ಬೇರೆ ಬೇರೆ ಕಲ್ಲುಗಳನ್ನು ಸಂದು ಕಾಣದ ಹಾಗೆ ಕೂಡಿಸಿ ನಿಲ್ಲಿಸಿದ್ದು. ಅಂದ್ರೆ ಕಿಟ್ ಕಾರು! 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ರಥದ ತಲೆ ಮೇಲೆ ಇಟ್ಟಿಗೆಯ ಗೋಪುರ ಇದೆ. ಈಗಿಲ್ಲ. ಆಮೇಲೆ ಯಾರೋ ತೂಕ ಇಳಿಸಿದ್ದಾರೆ.

ಗಾಡಿಯ ತೂಕ ಇಳಿಸೋದು ಅಂದ್ರೆ ನಮ್ಮ ಕಡೆ ಜನಕ್ಕೆ ನಗು ಬರುತ್ತೆ. ನಾನು ಹೈಸ್ಕೂಲಲ್ಲಿದ್ದಾಗ ಹೊಸಪೇಟೆ–ಸಂಡೂರು ರಸ್ತೆ ದಾಟೋಕೆ ಅರ್ಧ ಗಂಟೆ ಕಾಯ್ಬೇಕಿತ್ತು. ಅದಿರು ಲಾರಿಗಳ ಸಾಲು ಮುಗೀತಾನೇ ಇರ್ಲಿಲ್ಲ. ಮರದ ಎಲೆ ಕೆಂಪು, ನಾಯಿ ಕೆಂಪು, ಒಣ ಹಾಕಿದ ಬಿಳಿ ಪಂಚೆ ಕೆಂಪು. ಒಂದು ಟ್ರಿಪ್‌ನಲ್ಲಿ ಎಷ್ಟು ಟನ್ ಜಾಸ್ತಿ ತುಂಬ್ತೀಯ ಅನ್ನೋದ್ರ ಮೇಲೆ ಲಾಭ. ಹಾಗಾಗಿ ಗ್ಯಾರೇಜ್‌ಗೆ ಲಾರಿ ಬಂದ್ರೆ ಮೊದಲ ಕೆಲಸವೇ ಕಮಾನ್ ಪಟ್ಟಿಗೆ ಇನ್ನೆರಡು ಎಲೆ ಸೇರಿಸೋದು, ಚಾಸಿಗೆ ಕಬ್ಬಿಣದ ಪಟ್ಟಿ ಹೊಡೆಯೋದು. ಗಾಡಿ ಗಟ್ಟಿ ಆಗ್ಬೇಕಾ, ಕಬ್ಬಿಣ ಹಾಕು. ಅಷ್ಟೇ ಎಂಜಿನಿಯರಿಂಗು.

ಚಾಚಾ ಆ ಕೆಲಸದಲ್ಲಿ ಪಳಗಿದವರು. ಸಂಡೂರಲ್ಲಿ ಅವರ ಗ್ಯಾರೇಜು. ಒಳ್ಳೇ ಕಾಲದಲ್ಲಿ ಆರು ಜನ ಹುಡುಗರಿದ್ರು. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸ್ತು. ನಿಲ್ಲಿಸಿದ್ದು ಸರಿ, ಅದ್ರಲ್ಲಿ ನನಗೆ ಅನುಮಾನ ಇಲ್ಲ. ಆದ್ರೆ ಮಾರನೇ ದಿನ ಕೆಲಸ ಕಳ್ಕೊಂಡಿದ್ದು ಗಣಿ ಧಣಿಗಳಲ್ಲ. ಲಾರಿಗಳು ರಸ್ತೆ ಪಕ್ಕ ಸಾಲಾಗಿ ನಿಂತು ತುಕ್ಕು ಹಿಡಿದವು, ಕಂತು ಕಟ್ಟದ್ದನ್ನ ಫೈನಾನ್ಸಿನವರು ಎಳ್ಕೊಂಡು ಹೋದ್ರು. 2013ರಲ್ಲಿ ಗಣಿಗಳು ಒಂದೊಂದಾಗಿ ಮತ್ತೆ ಶುರುವಾಗೋ ಹೊತ್ತಿಗೆ ಚಾಚಾ ಹತ್ರ ಒಬ್ಬ ಹುಡುಗನೂ ಉಳಿದಿರ್ಲಿಲ್ಲ. ಹೊಟ್ಟೆಪಾಡಿಗೆ ಅವರು ಹಿಡಿದ ಕೆಲಸ ಕಿಟಕಿ ಗ್ರಿಲ್ಲು, ಮನೆ ಗೇಟು.

ಅಲ್ಲೇ ನಮ್ಮ ಕಥೆಗೆ ದಾರಿ ಸಿಕ್ಕಿದ್ದು. ಗ್ರಿಲ್ ಮಾಡೋದು ಒಂದಿಂಚಿನ ಚೌಕ ಪೈಪಲ್ಲಿ. ನನಗೆ ಬೇಕಾಗಿದ್ದ ಕಾರಿನ ಅಸ್ಥಿಪಂಜರ ಕೂಡ ಒಂದಿಂಚಿನ ಚೌಕ ಪೈಪಿಂದೇ.

ಆ ಕಾರಿನ ವಂಶಾವಳಿ ಸ್ವಲ್ಪ ಹೇಳ್ಬೇಕು. 1957ರಲ್ಲಿ ಕಾಲಿನ್ ಚಾಪ್‌ಮನ್ ಅನ್ನೋರು ಇಂಗ್ಲೆಂಡಲ್ಲಿ ಲೋಟಸ್ ಸೆವೆನ್ ಅಂತ ಒಂದು ಗಾಡಿ ತಂದ್ರು. ಬಾಗಿಲಿಲ್ಲ, ಸರಿಯಾದ ಮೇಲ್ಛಾವಣಿ ಇಲ್ಲ, ಎರಡು ಸೀಟು, ಉದ್ದ ಮೂತಿ. ಪೂರ್ತಿ ಕಾರು ಕೊಂಡ್ರೆ ಅಲ್ಲಿ ತೆರಿಗೆ ಬೀಳ್ತಿತ್ತು. ಬಿಡಿಭಾಗದ ಪೆಟ್ಟಿಗೆ ತಗೊಂಡು ಮನೇಲಿ ಜೋಡಿಸ್ಕೊಂಡ್ರೆ ಆ ತೆರಿಗೆ ಇಲ್ಲ. ಹಾಗೆ ಹುಟ್ಟಿದ ಹುಚ್ಚು ಇನ್ನೂ ಇಳಿದಿಲ್ಲ. 1973ರಿಂದ ಅದೇ ಕಾರನ್ನ ಕೇಟರ್‌ಹ್ಯಾಮ್ ಕಂಪನಿ ಮಾಡ್ತಾ ಬಂದಿದೆ. 1996ರಲ್ಲಿ ರಾನ್ ಚಾಂಪಿಯನ್ ಅನ್ನೋ ಮೇಷ್ಟ್ರು, ಹಳೇ ಕಾರೊಂದರ ಎಂಜಿನ್ನು ಆಕ್ಸಲ್ಲು ಕಿತ್ತು ಇಂಥದ್ದೇ ಗಾಡಿಯನ್ನು 250 ಪೌಂಡಲ್ಲಿ ಕಟ್ಟೋದು ಹೇಗೆ ಅಂತ ಪುಸ್ತಕವನ್ನೇ ಬರೆದ್ರು. ನನ್ನ ಕೈಗೆ ಬಂದಿದ್ದು ಆ ಪುಸ್ತಕ.

ಪುಸ್ತಕದಲ್ಲಿ ಫೋರ್ಡ್ ಎಸ್ಕಾರ್ಟ್ ಇದೆ. ಸಂಡೂರಲ್ಲಿ ಎಸ್ಕಾರ್ಟ್ ಅಂದ್ರೆ ಟ್ರ್ಯಾಕ್ಟರು. ಮುಂದೆ ಎಂಜಿನ್ನು, ಹಿಂದಿನ ಚಕ್ರಕ್ಕೆ ಶಕ್ತಿ, ಮೇಲಾಗಿ ಹಗುರ. ಇಂಥದ್ದು ನಮ್ಮಲ್ಲಿ ಯಾವುದಿದೆ? ಕೊನೆಗೆ ಮಿಲಿಟರಿ ಡಿಸ್ಪೋಸಲ್‌ನ ಮಾರುತಿ ಜಿಪ್ಸಿಯ 1.3 ಲೀಟರ್ ಎಂಜಿನ್ನು, 80 ಹಾರ್ಸ್‌ಪವರ್, ಅದರದೇ ಗೇರ್‌ಬಾಕ್ಸು. ಜಿಪ್ಸಿಯ ಸೌಲಭ್ಯ ಏನಂದ್ರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚೋ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಬೇರೆಯಾಗೇ ಕೂತಿರುತ್ತೆ. ಬಿಚ್ಚಿ ಪಕ್ಕಕ್ಕಿಟ್ಟು ನೇರವಾಗಿ ಹಿಂದಕ್ಕೆ ಶಾಫ್ಟ್ ಎಳೀಬಹುದು. ಹಿಂದಿನ ಆಕ್ಸಲ್ ಮಾತ್ರ ಓಮ್ನಿಯದು, ಜಿಪ್ಸಿಯದ್ದು ವಿಪರೀತ ಭಾರ. ಹೌದು, ಸಿನಿಮಾದಲ್ಲಿ ಹೀರೋಯಿನ್‌ನ ಕಿಡ್ನಾಪ್ ಮಾಡ್ತಾರಲ್ಲ, ಅದೇ ಓಮ್ನಿ.

ಜಗಳ ಶುರುವಾಗಿದ್ದು ಚಾಸಿಯಲ್ಲಿ. ನಾನು ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಶನಿವಾರ ಬೆಳಿಗ್ಗೆ ಸಂಡೂರು ಸೇರೋ ಹೊತ್ತಿಗೆ ನಕ್ಷೆಯಲ್ಲಿಲ್ಲದ ಎರಡು ಪೈಪು ಹೊಸದಾಗಿ ಬೆಸುಗೆಯಾಗಿರ್ತಿತ್ತು.

"ಚಾಚಾ, ಇದ್ಯಾಕೆ?"

"ಗಟ್ಟಿ ಇರ್ಲಿ ಬಿಡಪ್ಪಾ. ಈ ಸಣಕಲು ಪೈಪ್ ಮ್ಯಾಲೆ ಎಂಜಿನ್ ಕೂಡ್ತೈತೇನು? ಮುರದು ಬಿದ್ರ ನಿಮ್ಮವ್ವಗ ನಾ ಏನ್ ಹೇಳ್ಲಿ?"

ತ್ರಿಕೋನ ಅಂತ ವಿವರಿಸಿದೆ. ಪೇಪರ್ ಮೇಲೆ ಚಿತ್ರ ಬರೆದೆ. ಚೌಕ ಸೊಟ್ಟ ಆಗುತ್ತೆ, ಅಡ್ಡಕ್ಕೆ ಒಂದು ಕಡ್ಡಿ ಹಾಕಿದ್ರೆ ಆಗಲ್ಲ, ಅಷ್ಟೇ ಸಾಕು ಅಂದೆ. ತಲೆ ಅಲ್ಲಾಡಿಸಿದ್ರು. ಮುಂದಿನ ವಾರ ಮತ್ತೊಂದು ಪೈಪು.

ಬದಲಾಗಿದ್ದು ಕಂಪ್ಲಿಯಲ್ಲಿ. ಅವರ ತಂಗಿ ಮನೆ ಅಲ್ಲಿದೆ. ಯಾವುದೋ ಮದುವೆ ಮಾತುಕತೆಗೆ ಹೋಗ್ಬೇಕಿತ್ತು, ನಾನು ಡ್ರೈವರ್. ಟಿ.ಬಿ. ಡ್ಯಾಮಿಂದ ಜಾಸ್ತಿ ನೀರು ಬಿಟ್ಟಾಗಲೆಲ್ಲ ಕಂಪ್ಲಿ–ಗಂಗಾವತಿ ಸೇತುವೆ ಮುಳುಗೋದು ಸುದ್ದಿಯಲ್ಲಿ ನೋಡಿರ್ತೀರಿ. ಆವತ್ತು ಮುಳುಗಿರ್ಲಿಲ್ಲ, ಹೊಳೆ ಶಾಂತವಾಗಿತ್ತು. ದಡದಲ್ಲಿ ಒಬ್ಬರು ಹರಿಗೋಲು ಹೆಣೀತಿದ್ರು. ಬಿದಿರಿನ ಸೀಳುಗಳು ಅಡ್ಡಡ್ಡ, ಓರೆ ಓರೆ, ಒಂದರ ಕೆಳಗೊಂದು. ಮೊದಲೆಲ್ಲ ಮೇಲೆ ಚರ್ಮ ಹೊದೆಸ್ತಿದ್ರು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಎಷ್ಟು ಜನ ಕೂರಬಹುದು ಅಂತ ಚಾಚಾ ಕೇಳಿದ್ರು. ಹತ್ತು ಜನ ಅಂದ ಆತ, ಮುಗಿದಿದ್ದ ಇನ್ನೊಂದನ್ನ ಟೋಪಿ ಥರ ತಲೆ ಮೇಲೆ ಹೊತ್ಕೊಂಡು ನೀರಿಗೆ ನಡೆದೇಬಿಟ್ಟ.

ಚಾಚಾ ಅರ್ಧ ಹೆಣೆದ ಹರಿಗೋಲಿನ ಅಂಚನ್ನ ಎರಡೂ ಕೈಯಿಂದ ಹಿಡಿದು ತಿರುಚಿ ನೋಡಿದ್ರು. ತಿರುಚಲಿಲ್ಲ. ವಾಪಸ್ ಬರೋವಾಗ ದಾರಿಯುದ್ದಕ್ಕೂ ಮಾತಿಲ್ಲ. ಮುಂದಿನ ಶನಿವಾರ ಹೋದಾಗ ಹೆಚ್ಚುವರಿ ಪೈಪುಗಳಲ್ಲಿ ಎಂಟು ಕತ್ತರಿಸಿ ಮೂಲೇಲಿ ಬಿದ್ದಿದ್ವು. ಒಂಬತ್ತನೇದು, ಸೀಟ್ ಬೆಲ್ಟ್ ಕಟ್ಟೋ ಜಾಗದ್ದು, ಹಾಗೇ ಇತ್ತು. "ಅದನ್ನ ತಗಿಯಂಗಿಲ್ಲ" ಅಂದ್ರು. ಅವರು ಹೇಳಿದ್ದು ಸರಿ. ರೋಲ್ ಬಾರು ಮತ್ತೆ ಬೆಲ್ಟಿನ ಜಾಗದಲ್ಲಿ ತೂಕ ಉಳಿಸೋರು ಮೂರ್ಖರು.

ಕಾರು ಎದ್ದು ನಿಲ್ಲೋಕೆ ಎರಡೂವರೆ ವರ್ಷ ಬೇಕಾಯ್ತು. ಸಂಡೂರು ರಸ್ತೆಯ ವೇಬ್ರಿಜ್‌ಗೆ ಪಿಕಪ್‌ ಮೇಲೆ ತಂದು ಇಳಿಸಿದ್ವಿ. ಲಾರಿ ತೂಗೋ ಜಾಗ ಅದು. ಪರದೆ ಮೇಲೆ 540 ಬಂತು. ಆಪರೇಟರು ಮಿಷನ್ ಕೆಟ್ಟಿದೆ ಅಂತ ಹೊರಗೆ ಎದ್ದು ಬಂದ. ಮುಂದಿನ ಚಕ್ರ ಮಾತ್ರ ಕಟ್ಟೆ ಮೇಲಿಟ್ರೆ 290, ಹಿಂದಿನದು 250. ಮಾರುತಿ 800ಕ್ಕಿಂತ ನೂರು ಕಿಲೋ ಕಮ್ಮಿ, ಶಕ್ತಿ ಅದರ ಎರಡರಷ್ಟು. ಚಾಚಾ ಆ ಚೀಟಿಯನ್ನ ಪ್ರಿಂಟ್ ಹಾಕಿಸ್ಕೊಂಡು ಜೇಬಲ್ಲಿಟ್ಕೊಂಡ್ರು. ವೇಬ್ರಿಜ್ ಚೀಟಿಯಲ್ಲಿ ಕಮ್ಮಿ ತೂಕ ನೋಡಿ ಖುಷಿಪಟ್ಟಿದ್ದು ಜೀವನದಲ್ಲಿ ಇದೇ ಮೊದಲು ಅಂತೆ.

ಇದನ್ನ ರಸ್ತೆ ಮೇಲೆ ಓಡಿಸೋ ಹಾಗಿಲ್ಲ ಅನ್ನೋದು ಗೊತ್ತಿದ್ದೇ ಕಟ್ಟಿದ್ದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪಿದೆ. ಕಂಪನಿ ಮಾಡಿದ ಗಾಡಿಯ ಸ್ವರೂಪ ಬದಲಾಯಿಸೋಕೇ ಬಿಡಲ್ಲ, ಇನ್ನು ಗ್ರಿಲ್ ಅಂಗಡಿಯಲ್ಲಿ ಹುಟ್ಟಿದ ಗಾಡಿಗೆ ಯಾರು ನಂಬರ್ ಕೊಡ್ತಾರೆ? ಬ್ರಿಟನ್‌ನಲ್ಲಿ ಒಂಟಿ ಗಾಡಿಯನ್ನೂ ಪರೀಕ್ಷೆ ಮಾಡಿ ನಂಬರ್ ಕೊಡೋ ವ್ಯವಸ್ಥೆ ಇದೆ. ನಮ್ಮಲ್ಲೂ ಬರಲಿ ಅನ್ನೋ ಆಸೆ ನನಗಿದೆ. ಆದ್ರೆ ಎಲೆ ಸೇರಿಸಿದ ಕಮಾನಿನ ಅದಿರು ಲಾರಿಗಳು ಬ್ರೇಕ್ ಹಿಡಿಯದೆ ಬಂದ ದಿನಗಳನ್ನ ನೋಡಿ ಬೆಳೆದವನು ನಾನು. ಆ ಕಾಯ್ದೆಯನ್ನ ಪೂರ್ತಿ ಬಯ್ಯೋಕೆ ಬಾಯಿ ಬರಲ್ಲ.

ಟ್ಯೂನಿಂಗ್ ಅಂದ್ರೆ ಎಲ್ಲರೂ ಕೇಳೋದು ಹಾರ್ಸ್‌ಪವರ್ ಎಷ್ಟು ಏರಿಸ್ದೆ ಅಂತ. ಒಂದೂ ಏರಿಸಿಲ್ಲ. ಗುರುತಿನವರೊಬ್ಬರ ಖಾಲಿ ಸ್ಟಾಕ್‌ಯಾರ್ಡಲ್ಲಿ, ಅಪ್ಪಣೆ ತಗೊಂಡು, ಭಾನುವಾರಗಳಲ್ಲಿ ನಾವು ಮಾಡಿದ್ದು ಬೇರೆ ಥರದ ಕೆಲಸ. ಕಾರಿನ ಎರಡೂ ಪಕ್ಕಕ್ಕೆ ದಾರ ಕಟ್ಟಿ, ಸ್ಕೇಲ್ ಹಿಡಿದು ಚಕ್ರಗಳ ನೇರ ನೋಡೋದು. ಹಿಂದಿನ ಕಮಾನಿನಿಂದ ಒಂದು ಎಲೆ ತೆಗೆಯೋದು. ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಮೊದಲು ಲಾಕ್ ಆಗದ ಹಾಗೆ ಒತ್ತಡ ಹಂಚೋದು. ಸಂಡೂರಿನ ಕೆಂಪು ದೂಳು ನುಂಗದ ಹಾಗೆ ಏರ್ ಫಿಲ್ಟರಿನ ಬಾಯಿಗೆ ಬಟ್ಟೆ ಕಟ್ಟೋದು, ಕಟ್ಟಿದ್ರೆ ಎಂಜಿನ್ನಿಗೆ ಉಸಿರು ಸಾಲದು, ಮತ್ತೆ ಬಿಚ್ಚೋದು. ಏಪ್ರಿಲ್ ಬಿಸಿಲಲ್ಲಿ ರೇಡಿಯೇಟರ್ ಜೊತೆ ಒದ್ದಾಡೋದು, ಅದನ್ನ ಬರೆಯೋಕೆ ಹೋಗಲ್ಲ.

ಟಯರಿನ ಗಾಳಿ ವಿಷಯಕ್ಕೆ ಮಾತ್ರ ಚಾಚಾ ಎರಡು ದಿನ ಮಾತು ಬಿಟ್ರು. ಇಷ್ಟು ಹಗುರದ ಗಾಡಿಗೆ ಮಾಮೂಲಿ ಕಾರಿನ ಥರ 30 ಪಿಎಸ್‌ಐ ಹಾಕಿದ್ರೆ ಟಯರು ಕಲ್ಲಾಗುತ್ತೆ, ಹಿಡಿತ ಸಿಗಲ್ಲ. 20 ಸಾಕು. ಲಾರಿ ಟಯರಿಗೆ ನೂರರ ಮೇಲೆ ತುಂಬಿ ಬೆಳೆದ ಕೈ ಅದು. "20 ಸೈಕಲ್ಲಿಗೂ ಸಾಲಂಗಿಲ್ಲ" ಅಂದ್ರು. ಓಡಿಸಿ, ನಿಲ್ಲಿಸಿ, ಟಯರ್ ಮುಟ್ಟಿ ನೋಡಿ ಅಂದೆ. ನಡುವೆ, ಅಂಚಿನಲ್ಲಿ, ಎರಡೂ ಕಡೆ ಒಂದೇ ಬಿಸಿ. ಮತ್ತೆ ಮಾತು ಬಂತು.

ಓಡಿಸಿದ್ದು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ. 2.1 ಕಿಲೋಮೀಟರಿನ ಟ್ರ್ಯಾಕು. ಆ ಹೆಸರು ಎಸ್. ಕರಿವರ್ಧನ್ ಅವರದು. ಮಾರುತಿ 800ರ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಅನ್ನೋ ಒಂಟಿ ಸೀಟಿನ ರೇಸ್ ಕಾರು ಕಟ್ಟಿದವರು. ನರೇನ್ ಕಾರ್ತಿಕೇಯನ್ ಥರದವರು ರೇಸಿಂಗ್ ಶುರು ಮಾಡಿದ್ದು ಅಂಥ ಕಾರಲ್ಲೇ. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರ್ಕೊಂಡ್ರು. ಫಾರಿನ್ ಕಾರಿಲ್ಲದೆ ರೇಸಿಂಗ್ ಆಗಲ್ಲ ಅಂತ ಕೂತಿದ್ದ ದೇಶದಲ್ಲಿ, ಸಿಕ್ಕ ಎಂಜಿನ್ನಲ್ಲೇ ಮಾಡಿ ತೋರಿಸಿದ ಮನುಷ್ಯ. ಇದನ್ನೆಲ್ಲ ದಾರೀಲಿ ಚಾಚಾಗೆ ಹೇಳ್ತಾ ಹೋದೆ. ಹೊಸಪೇಟೆಯಿಂದ ಹತ್ತಿರತ್ತಿರ 700 ಕಿಲೋಮೀಟರು, ಐಷರ್ ಲಾರಿಯ ಹಿಂದೆ ಕಾರು, ಮುಂದೆ ನಾವು ಮೂರು ಜನ, ಡ್ರೈವರ್ ಸೇರಿ.

ಟ್ರ್ಯಾಕನ್ನ ದಿನದ ಬಾಡಿಗೆಗೆ ಹಿಡಿದಿದ್ದ ಗುಂಪಿನವರು ರೋಲ್ ಬಾರು, ಪೆಟ್ರೋಲ್ ಪೈಪು, ಕಿಲ್ ಸ್ವಿಚ್ಚು ಎಲ್ಲ ಒಂದು ಗಂಟೆ ಪರೀಕ್ಷೆ ಮಾಡಿದ್ರು. ಬೆಸುಗೆ ನೋಡಿ ಒಬ್ಬರು ಇಂಗ್ಲಿಷಲ್ಲಿ ಯಾರ ಕೈ ಕೆಲಸ ಅಂತ ಕೇಳಿದ್ರು. ನಾನು ಕೈ ತೋರಿಸಿದೆ. ಚಾಚಾ ಬೇರೆ ಕಡೆ ನೋಡ್ತಾ ನಿಂತ್ರು.

ಬೆಳಗಿನ ನನ್ನ ಮೊದಲ ಸುತ್ತುಗಳು 1 ನಿಮಿಷ 31 ಸೆಕೆಂಡು. ಓಮ್ನಿ ಆಕ್ಸಲ್ಲು ನಿಧಾನಗಾಡಿಯದು, ನೇರ ದಾರೀಲಿ ಗೇರು ಬೇಗ ಬೇಗ ಮುಗಿಯುತ್ತೆ, ದೊಡ್ಡ ಕಾರುಗಳು ಪಕ್ಕದಲ್ಲೇ ಹಾದುಹೋಗ್ತವೆ. ತಿರುವಲ್ಲಿ ಮಾತ್ರ ನಮ್ಮದೇ ರಾಜ್ಯ. ಅವರು ಬ್ರೇಕ್ ಹಿಡಿದ ಎಷ್ಟೋ ಹೊತ್ತಿನ ಮೇಲೆ ನಾವು ಹಿಡಿದ್ರೆ ಸಾಕು. ಸೊಂಟ ನೆಲದಿಂದ ಒಂದು ಗೇಣು ಮೇಲಿರುತ್ತೆ. ಸ್ಟೀರಿಂಗ್ ತಿರುಗಿಸಿದ ಹಾಗಲ್ಲ, ಯೋಚನೆ ಮಾಡಿದ ಹಾಗಿರುತ್ತೆ. ಸಂಜೆ ಹೊತ್ತಿಗೆ 1:24.

ಕೊನೆಯ ಸೆಷನ್ನು ಚಾಚಾಗೆ. ವಯಸ್ಸು 61. ಹೆವಿ ಲೈಸೆನ್ಸ್ ತೆಗೆದು ತೋರಿಸಿದಾಗ ಗೇಟಿನ ಹುಡುಗ ಕಣ್ಣರಳಿಸಿದ. ಹೆಲ್ಮೆಟ್ ಒಳಗೆ ಗಡ್ಡ ಮಡಚ್ಕೊಂಡು ಕೂತ್ರು. ಆರು ಸುತ್ತು. ಅತ್ಯುತ್ತಮ 1:28, ನನಗಿಂತ ನಾಲ್ಕು ಸೆಕೆಂಡ್ ನಿಧಾನ. ಆದ್ರೆ ಗೋಡೆ ಪಕ್ಕ ನಿಂತು ಕಿವಿಗೊಟ್ಟು ಕೇಳಿದವರಿಗೆ ಗೊತ್ತಾಗ್ತಿತ್ತು: ಗೇರ್ ಇಳಿಸೋವಾಗೆಲ್ಲ ಎರಡು ಸಲ ಕ್ಲಚ್ಚು, ನಡುವೆ ಆಕ್ಸಿಲರೇಟರಿಗೆ ಒಂದು ತಟ್ಟು, ಎಂಜಿನ್ನಿಗೆ ಗೊತ್ತೇ ಆಗದ ಹಾಗೆ. ನಾವು ದುಡ್ಡು ಕೊಟ್ಟು ಕಲಿಯೋದನ್ನ ಅವರು ಸಂಡೂರು ಘಾಟಲ್ಲಿ ಹಳೇ ಲಾರಿ ಇಳಿಸ್ತಾ ಕಲಿತಿದ್ರು. ನನ್ನ ಟಯರಲ್ಲಿ ಎರಡು ಕಡೆ ಲಾಕ್ ಆಗಿ ಸವೆದ ಗುರುತಿತ್ತು. ಅವರು ಹೊಸದೊಂದನ್ನೂ ಸೇರಿಸಿರ್ಲಿಲ್ಲ.

ಇಳಿದ ಮೇಲೆ ಹೇಗಿತ್ತು ಅಂದೆ.

"ತಿರುವು ಕಾಣ್ತೈತಿ. ಬ್ರೇಕ್ ಹಿಡಿಯೋ ಬೋರ್ಡು ಕಾಣಂಗಿಲ್ಲ" ಅಂದ್ರು. "ಬಲಗಣ್ಣಿಗೆ ಪೊರೆ ಬಂದೈತಿ. ಒಂದ್ ವರ್ಷ ಆತು."

ಅಂದ್ರೆ ಕೊನೆಯ ಒಂದು ವರ್ಷದ ಬೆಸುಗೆಯನ್ನೆಲ್ಲ ಒಂದೇ ಕಣ್ಣಲ್ಲಿ ಮಾಡಿದ್ದಾರೆ. ರೋಲ್ ಬಾರ್ ಸಹಿತ. ಮೊದಲೇ ಹೇಳಿದ್ರೆ ನಾನು ಕೆಲಸ ನಿಲ್ಲಿಸಿಬಿಡ್ತೀನಿ ಅಂತ ಹೇಳಿಲ್ಲವಂತೆ. ರಾತ್ರಿ ಲಾರೀಲಿ ನಾನೇನೂ ಮಾತಾಡ್ಲಿಲ್ಲ, ಅವರು ಸೇಲಂವರೆಗೆ ಗೊರಕೆ ಹೊಡೆದ್ರು.

ಆ ದಿನ ಟ್ರ್ಯಾಕಲ್ಲೇ ಒಬ್ಬರು ಕಾರಿಗೆ ಆರು ಲಕ್ಷ ಕೊಡ್ತೀನಿ ಅಂದಿದ್ರು. ಖರ್ಚಾಗಿದ್ದು ಅದರ ಮುಕ್ಕಾಲು. ಕೂಲಿ ಅಂತ ಚಾಚಾ ಇದುವರೆಗೆ ಒಂದು ರೂಪಾಯಿ ತಗೊಂಡಿಲ್ಲ, "ಲೆಕ್ಕ ಆಮ್ಯಾಲೆ" ಅಂತಾನೇ ಬಂದಿದ್ದಾರೆ. ಮಾರಿ ಅರ್ಧ ಅವರಿಗೆ ಕೊಡೋಣ ಅಂತ ನನಗಿತ್ತು. ಅವರ ಮಗನಿಗೂ ಅದೇ ಸರಿ ಅನಿಸಿತ್ತು. ಚಾಚಾ ವೇಬ್ರಿಜ್ ಚೀಟಿಯನ್ನ ಹೊರಗೆ ತೆಗೆದ್ರು. ಅಕ್ಷರ ಅರ್ಧ ಅಳಿಸಿಹೋಗಿದೆ. "ಇದ್ರಾಗ ಇನ್ನೂ ಮೂವತ್ತು ಕಿಲೋ ಐತಿ, ತಗಿಯಾಕ ಬರ್ತೈತಿ. ಆಮ್ಯಾಲೆ ಮಾರೋ ಮಾತು" ಅಂದ್ರು.

ಜನವರಿಗೆ ಮತ್ತೆ ಟ್ರ್ಯಾಕ್ ಇದೆ. ಅಷ್ಟರಲ್ಲಿ ಕಣ್ಣಿನ ಆಪರೇಷನ್ ಆಗ್ಬೇಕು ಅಂತ ನಾನು. ಹಿಂದಿನ ಕಮಾನ್ ಪಟ್ಟಿ ಕಿತ್ತು ಕಾಯಿಲ್ ಸ್ಪ್ರಿಂಗ್ ಹಾಕೋದು ಮೊದಲು ಅಂತ ಅವರು. ಹೊಸಪೇಟೆಯ ಡಾಕ್ಟರ ಹತ್ರ ಮುಂದಿನ ಗುರುವಾರಕ್ಕೆ ಹೆಸರು ಬರೆಸಿದ್ದೀನಿ, ಇನ್ನೂ ಅವರಿಗೆ ಹೇಳಿಲ್ಲ.