ನಂಡಾದ ಹಲಗೆ ಮನೆ

ಪರದೇಶಕ್ಕೆ ಹೋಗಿ ಬಂದವರನ್ನು ‘ಏನೇನು ನೋಡಿದಿರಿ?’ ಎಂದು ಕೇಳುವುದು ವಾಡಿಕೆ. ಬೇಸಿಗೆ ರಜೆಯಲ್ಲಿ ಮಗಳನ್ನು ನೋಡಲು ಆಸ್ಟ್ರೇಲಿಯದ ಬ್ರಿಸ್ಬೇನ್ ನಗರಕ್ಕೆ ಹೋಗಿ ಬಂದ ನನ್ನನ್ನೂ ಸಹೋದ್ಯೋಗಿಗಳು ಸ್ಟಾಫ್ ರೂಮಿನಲ್ಲಿ ಕೂರಿಸಿಕೊಂಡು ಕೇಳಿದರು. ಕಾಂಗರೂ ನೋಡಿದೆ, ನದಿಯಲ್ಲಿ ದೋಣಿ ವಿಹಾರ ಮಾಡಿದೆ ಎಂದೆ. ‘ಕೆಲಸಗಾರನೊಬ್ಬ ಕಟ್ಟಿಕೊಂಡ ಹಲಗೆ ಮನೆಯನ್ನೂ ನೋಡಿ ಬಂದೆ’ ಎಂದಾಗ ಮಾತ್ರ ಎಲ್ಲರೂ ನಕ್ಕುಬಿಟ್ಟರು. ‘ಅಷ್ಟು ದೂರ ಹೋಗಿ ಹಲಗೆ ಮನೆಯೇ ಮೇಷ್ಟ್ರೇ!’

ನಗುವವರು ನಗಲಿ. ನಾನು ಹುಟ್ಟಿ ಬೆಳೆದದ್ದೇ ಅಂಥ ಮನೆಯಲ್ಲಿ. ಆ ಕತೆ ಆಮೇಲೆ.

ಮಗಳು ಬಾಡಿಗೆಗಿದ್ದುದು ಹಳೆಯ ಮರದ ಮನೆ. ಬ್ರಿಸ್ಬೇನಿನ ಹಳೆಯ ಬಡಾವಣೆಗಳಲ್ಲಿ ಇಂಥ ಮನೆಗಳು ಸಾಲುಸಾಲಾಗಿವೆ. ನೆಲದಿಂದ ಮೇಲೆದ್ದ ಮೋಟು ಕಂಬಗಳ ಮೇಲೆ ನಿಂತಿರುತ್ತವೆ. ಮೇಲೆ ಏರಿಳಿತದ ತಗಡಿನ ಮಾಡು, ಮುಂದೆ ಜಗಲಿ. ಹೋದ ಮರುದಿನ ಬೆಳಿಗ್ಗೆಯೇ ನಾನು ಮನೆಯ ಅಡಿಗೆ ನುಸುಳಿದೆ. ‘ಅಪ್ಪಾ, ಪಕ್ಕದ ಮನೆಯವರು ನೋಡಿದರೆ ಏನಂದಾರು? ಹೊರಗೆ ಬಾ’ ಎಂದು ಮಗಳು ಮೆಟ್ಟಿಲ ಮೇಲಿಂದ ಕೂಗುತ್ತಿದ್ದಳು.

ಅಲ್ಲಿ ಕಂಡದ್ದು ಸೊಗಸಾದ ವಿಜ್ಞಾನ ಪಾಠ. ಪ್ರತಿ ಕಂಬದ ತಲೆಯ ಮೇಲೆ ತಟ್ಟೆಯನ್ನು ಮಗುಚಿ ಹಾಕಿದಂತೆ ತಗಡಿನ ಟೋಪಿ! ಅದು ಗೆದ್ದಲಿಗಾಗಿ. ಗೆದ್ದಲು ಬೆಳಕಿಗೆ ಅಂಜುವ ಜೀವಿ. ಕಂಬದ ಒಳಗೊಳಗೇ ಕೊರೆಯುತ್ತ ಮೇಲೇರಿ ಬಂದರೂ ತಗಡನ್ನು ತಿನ್ನಲಾರದು. ಅದರ ಅಂಚನ್ನು ಬಳಸಿಯೇ ಹೋಗಬೇಕು. ಹೋಗುವಾಗ ಮಣ್ಣಿನ ಕೊಳವೆ ಕಟ್ಟಲೇಬೇಕು. ಆಗ ಮನೆಯವರ ಕಣ್ಣಿಗೆ ಬೀಳುತ್ತದೆ. ಅಂದರೆ ಟೋಪಿ ಗೆದ್ದಲನ್ನು ಪೂರ್ತಿ ತಡೆಯುವುದಿಲ್ಲ, ಕಳ್ಳನನ್ನು ದೀಪದ ಕಂಬದ ಕೆಳಗೆ ಹಾದುಹೋಗುವಂತೆ ಮಾಡುತ್ತದೆ, ಅಷ್ಟೆ.

ಗೋಡೆಗಳಂತೂ ಒಂದಂಗುಲವೂ ದಪ್ಪವಿಲ್ಲ. ಒಂದು ಹಲಗೆಯ ನಾಲಿಗೆ ಮತ್ತೊಂದರ ಕಚ್ಚಿನಲ್ಲಿ ಕೂರುವಂತೆ ಜೋಡಿಸಿ ಚೌಕಟ್ಟಿಗೆ ಮೊಳೆ ಹೊಡೆದಿದ್ದಾರೆ. ಆ ಕಾಲದಲ್ಲಿ ಇದಕ್ಕೆ ಹೆಚ್ಚಾಗಿ ಬಳಕೆಯಾದದ್ದು ಅಲ್ಲಿಯದೇ ಹೂಪ್ ಪೈನ್ ಮರ. ಇಷ್ಟು ತೆಳ್ಳಗಿನ ಗೋಡೆ ಶಾಖವನ್ನು ಹಿಡಿದಿಟ್ಟುಕೊಳ್ಳಲಾರದು. ಬಿಸಿಲಿಳಿದ ಸ್ವಲ್ಪ ಹೊತ್ತಿಗೇ ಮನೆ ತಣ್ಣಗಾಗುತ್ತಿತ್ತು. ನಮ್ಮ ಆರ್‌ಸಿಸಿ ಮನೆಗಳು ರಾತ್ರಿ ಹನ್ನೊಂದಾದರೂ ಒಲೆಯಂತೆ ಕಾವು ಬಿಡುವುದು ನೆನಪಾಯಿತು.

ನನ್ನ ಹುಚ್ಚು ನೋಡಿ ಮಗಳೇ ಒಂದು ದಿನ ರೈಲಿನಲ್ಲಿ ನಂಡಾ ಎಂಬ ಬಡಾವಣೆಗೆ ಕರೆದೊಯ್ದಳು. ಅದು ನಗರದ ಮಧ್ಯದಿಂದ ಉತ್ತರಕ್ಕೆ ಸುಮಾರು ಎಂಟು ಕಿಲೋಮೀಟರ್. ಅಲ್ಲೊಂದು ಬೀದಿಯಲ್ಲಿ 1910ರಲ್ಲಿ ಕಟ್ಟಿದ ಸಣ್ಣ ಮರದ ಮನೆಯಿದೆ. ಕ್ವೀನ್ಸ್‌ಲೆಂಡ್ ರಾಜ್ಯದ ಪರಂಪರೆಯ ಪಟ್ಟಿಯಲ್ಲಿ ಅದರ ಹೆಸರು ‘ವರ್ಕರ್ಸ್ ಡ್ವೆಲಿಂಗ್ ನಂಬರ್ 1’. ಎಂದರೆ, ಕೆಲಸಗಾರರ ಮನೆ, ಒಂದನೆಯದು.

ಖಾಸಗಿ ಮನೆಯಾದ್ದರಿಂದ ಎದುರಿನ ಕಾಲುದಾರಿಯಲ್ಲಿ ನಿಂತೇ ನೋಡಿದೆವು. ಗೋಪುರವಿಲ್ಲ, ಕೆತ್ತನೆಯ ಮಹಾದ್ವಾರವಿಲ್ಲ. ಯಾವ ರಾಜನೂ ಇಲ್ಲಿ ಹುಟ್ಟಲಿಲ್ಲ, ಯಾವ ಯುದ್ಧವೂ ನಡೆಯಲಿಲ್ಲ. ಹಾಗಾದರೆ ಇದಕ್ಕೇಕೆ ಈ ಗೌರವ?

1909ರಲ್ಲಿ ಅಲ್ಲಿಯ ಸರ್ಕಾರ ಒಂದು ಕಾನೂನು ಮಾಡಿತು. ಕಡಿಮೆ ಸಂಪಾದನೆಯ ಕೆಲಸಗಾರನಿಗೆ ಸ್ವಂತ ನಿವೇಶನವಿದ್ದರೆ, ಬೇರೆ ಮನೆ ಇಲ್ಲದಿದ್ದರೆ, ಮನೆ ಕಟ್ಟಿಕೊಳ್ಳಲು ಸರ್ಕಾರವೇ ಸಾಲ ಕೊಡುವುದು. ವರ್ಷಗಟ್ಟಲೆ ಕಂತು ಕಟ್ಟಿ ಅವನು ಅದನ್ನು ತೀರಿಸುವುದು. ಆ ಯೋಜನೆಯಲ್ಲಿ ಎದ್ದ ಮೊಟ್ಟಮೊದಲ ಮನೆ ಇದು. ದುಡಿಯುವವನು ಬಾಡಿಗೆ ಮನೆಯಲ್ಲೇ ಸಾಯಬೇಕಾಗಿಲ್ಲ ಎಂದು ಒಂದು ಸರ್ಕಾರ ಒಪ್ಪಿಕೊಂಡದ್ದಕ್ಕೆ ಈ ಹಲಗೆಗಳೇ ಸಾಕ್ಷಿ.

ಇನ್ನೊಂದು ಸ್ವಾರಸ್ಯ. 1885ರ ಕಾನೂನೊಂದು ಅಲ್ಲಿ ನಿವೇಶನ 16 ಪರ್ಚ್‌ಗಿಂತ ಚಿಕ್ಕದಿರಬಾರದೆಂದು ವಿಧಿಸಿತ್ತು. ಲೆಕ್ಕ ಹಾಕಿ ನೋಡಿದೆ: ಎಕರೆಯ ಹತ್ತನೆಯ ಒಂದು ಭಾಗ, ಅಂದರೆ ನಮ್ಮ ಸರಿಯಾಗಿ ನಾಲ್ಕು ಗುಂಟೆ! ಹೀಗಾಗಿಯೇ ಬ್ರಿಸ್ಬೇನಿನ ಬಡವರ ಮನೆಗೂ ನಾಲ್ಕು ಕಡೆ ಗಾಳಿ, ಹಿತ್ತಲಲ್ಲಿ ಒಂದು ಮರ. ಹಳೆಯ ಮನೆ ಹಳೆಯ ಕಾನೂನನ್ನೂ ಹೇಳುತ್ತದೆ, ನೋಡಿ.

1979ರಲ್ಲಿ ಆಸ್ಟ್ರೇಲಿಯದ ಪರಿಣತರು ಬರ್ರಾ ಎಂಬ ಹಳೆಯ ತಾಮ್ರದ ಗಣಿಯೂರಿನಲ್ಲಿ ಸೇರಿ ಪರಂಪರೆಯ ಸಂರಕ್ಷಣೆಗೆ ಒಂದು ಸನ್ನದು ರೂಪಿಸಿದರು. ಜಾಗವೊಂದರ ಬೆಲೆ ಕಟ್ಟುವಾಗ ಅಂದವನ್ನಷ್ಟೇ ಅಲ್ಲ, ಚರಿತ್ರೆ, ವಿಜ್ಞಾನ, ಜನರ ಒಡನಾಟ ಇವನ್ನೂ ತೂಗಬೇಕೆನ್ನುತ್ತದೆ ಅದು. ಕ್ವೀನ್ಸ್‌ಲೆಂಡಿಗೆ 1992ರ ಪರಂಪರೆ ಕಾನೂನಿದೆ. ಬ್ರಿಸ್ಬೇನ್ ನಗರಸಭೆ ಗುರುತಿಸಿದ ಬೀದಿಗಳಲ್ಲಿ 1946ಕ್ಕೆ ಅಥವಾ ಅದಕ್ಕೂ ಮೊದಲು ಕಟ್ಟಿದ ಮನೆಯನ್ನು ಒಪ್ಪಿಗೆಯಿಲ್ಲದೆ ಕೆಡವುವಂತಿಲ್ಲ.

ಅಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಕೆಲಸಗಾರರಿಗಾಗಿ ಕಟ್ಟಿದ ಇಂಥ ಮನೆಗಳ ಬೆಲೆ ಇಂದು ಕೆಲಸಗಾರರ ಕೈಗೇ ನಿಲುಕದು. ಆ ಹಲಗೆಗಳು ಬಂದ ಕಾಡು ಮೂಲನಿವಾಸಿಗಳದು ಎಂಬುದನ್ನೂ ಮರೆಯುವಂತಿಲ್ಲ. ಆದರೂ ಮನೆ ಉಳಿದಿರುವುದರಿಂದಲೇ ಅಲ್ಲವೇ ಈ ಪ್ರಶ್ನೆಗಳನ್ನು ಕೇಳಲು ಸಾಧ್ಯವಾಗುವುದು?

ಈಗ ನನ್ನ ಮನೆಯ ಕತೆ. ನಮ್ಮಪ್ಪ ದಾಂಡೇಲಿಯ ಕಡೆ ನಾಟಾ ಡಿಪೋದಲ್ಲಿ ಮರ ಕೊಯ್ಯುತ್ತಿದ್ದರು. ನಾವಿದ್ದದ್ದು ಕೂಲಿ ಲೈನಿನ ಎರಡು ಕೋಣೆಯ ಮನೆಯಲ್ಲಿ. ಗೋಡೆಗೆ ಮತ್ತಿ ಮರದ ಹಲಗೆ, ಮೇಲೆ ಮಂಗಳೂರು ಹೆಂಚು. ಮಳೆಗಾಲದಲ್ಲಿ ಹಲಗೆ ಉಬ್ಬಿ ಬಾಗಿಲು ಕಚ್ಚಿಕೊಳ್ಳುತ್ತಿತ್ತು, ಬೇಸಿಗೆಯಲ್ಲಿ ಸಂದಿ ಬಿಟ್ಟು ಪಕ್ಕದ ಮನೆಯ ದೀಪ ಕಾಣುತ್ತಿತ್ತು. ಮರ ತೇವ ಹೀರಿ ಹಿಗ್ಗುತ್ತದೆ ಎಂಬುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಬಾಗಿಲ ಚೌಕಟ್ಟಿನಲ್ಲಿ ಅಪ್ಪ ವರ್ಷಕ್ಕೊಮ್ಮೆ ನಮ್ಮ ಎತ್ತರವನ್ನು ಉಳಿಯಿಂದ ಗೀರುತ್ತಿದ್ದರು.

ಆ ಲೈನನ್ನು ಕೆಡವಿದ ಸುದ್ದಿ ನನಗೆ ತಡವಾಗಿ ತಿಳಿಯಿತು. ಹೋಗಿ ನೋಡಿದರೆ ಬಯಲು. ಹಲಗೆಗಳು ಸೌದೆಯಾಗಿ ಹೋದವಂತೆ. ಯಾರನ್ನು ದೂರಲಿ? ಅಷ್ಟು ವರ್ಷ ಮೇಷ್ಟ್ರಾಗಿದ್ದ ನಾನೇ ಅದರ ಒಂದು ಫೋಟೋ ತೆಗೆದಿರಲಿಲ್ಲ. ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋದದ್ದು ಹಂಪಿ, ಬೇಲೂರು, ಬಾದಾಮಿಗೆ. ಅದು ತಪ್ಪಲ್ಲ. ಆದರೆ ಅಪ್ಪನ ಮನೆಯೂ ತೋರಿಸತಕ್ಕದ್ದು ಎಂದು ನನಗೆ ಹೊಳೆದೇ ಇರಲಿಲ್ಲ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ಅಳಿದುಹೋಗುತ್ತಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ದೊಡ್ಡ ಕೆಲಸ ಅದು. ದೊಡ್ಡ ಮನೆಯ ತೇಗದ ಕಂಬಕ್ಕೆ ಕೊಳ್ಳುವವರಾದರೂ ಇರುತ್ತಾರೆ. ಕೂಲಿ ಲೈನಿನ ಮತ್ತಿ ಹಲಗೆಯನ್ನು ಕೇಳುವವರು ಯಾರು?

ಅದಕ್ಕೇ ಶಾಲೆ ತೆರೆದ ಮೇಲೆ ಎಂಟನೇ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೇನೆ. ನಮ್ಮೂರಿನ ಅಂಚಿನಲ್ಲಿ ಇನ್ನೂ ಒಂದೆರಡು ಹಲಗೆ ಮನೆಗಳಿವೆ. ಮನೆಯವರನ್ನು ಕೇಳಿಕೊಂಡು ಹೋಗಿ, ಟೇಪು ಹಿಡಿದು ಅಳತೆ ತೆಗೆದು, ನಕ್ಷೆ ಬರೆದು, ಯಾವ ಮರ, ಯಾರು ಕಟ್ಟಿದ್ದು, ಯಾರೆಲ್ಲ ಬಾಳಿದರು ಎಂದು ಬರೆದುಕೊಂಡು ಬರಬೇಕು. ಮನೆಗಳು ಉಳಿಯುತ್ತವೋ ಇಲ್ಲವೋ, ನೋಟ್‌ಬುಕ್ ಆದರೂ ಉಳಿಯಲಿ.

ಮೊದಲ ದಿನ ಹೋಗಿ ಬಂದ ಹುಡುಗಿಯೊಬ್ಬಳು ಕೇಳಿದಳು: ‘ಸಾರ್, ಆ ಅಜ್ಜಿಯ ಬಾಗಿಲಲ್ಲಿ ಗೀರು ಗೀರು ಇದೆ. ಅದನ್ನೂ ಅಳೆಯಬೇಕಾ?’

ಅದನ್ನೇ ಮೊದಲು ಅಳೆಯಮ್ಮ ಎಂದೆ.