ಸಣ್ಣಕ್ಷರದ ಪುಟಗಳು

ಮಳೆಗಾಲ ಬಲಿಯುವ ಹೊತ್ತಿಗೆ ಕಂಪನಿಗಳ ವಾರ್ಷಿಕ ವರದಿಗಳು ಬರತೊಡಗುತ್ತವೆ. ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿದ ಕಂಪನಿ ಸೆಪ್ಟೆಂಬರ್ 30ರೊಳಗೆ ಷೇರುದಾರರ ವಾರ್ಷಿಕ ಸಭೆ ನಡೆಸಬೇಕು. ಸಭೆಗೆ 21 ದಿನ ಮೊದಲೇ ವರದಿ ನಮ್ಮ ಕೈಸೇರಬೇಕು. ಹೀಗಾಗಿ ಆಷಾಢ, ಶ್ರಾವಣ ನನಗೆ ಓದಿನ ತಿಂಗಳುಗಳು. ಷೇರುಪೇಟೆಗೆ ಹೊಸಬ ನಾನು, ತೊಡಗಿಸಿದ ಹಣವೂ ಸಣ್ಣದು. ಈ ಓದಿನ ರುಚಿ ಮಾತ್ರ ಬಲವಾಗಿ ಹತ್ತಿಬಿಟ್ಟಿದೆ.

ವರದಿಯನ್ನು ಕೊನೆಯಿಂದ ಓದುತ್ತೇನೆ. ಮುಂದೆ ಅಧ್ಯಕ್ಷರ ಮಾತು, ಬಣ್ಣದ ಚಿತ್ರ ಇರುತ್ತವೆ. ಕಂಪನಿಯ ಸ್ವಭಾವ ತಿಳಿಯುವುದು ಹಿಂದೆ, ಲೆಕ್ಕಪತ್ರದ ಟಿಪ್ಪಣಿಗಳಲ್ಲಿ. ತೆರಿಗೆಯ ಯಾವ ವ್ಯಾಜ್ಯ ಕೋರ್ಟಿನಲ್ಲಿದೆ, ಮಾಲೀಕರ ಮನೆಯವರದೇ ಇನ್ನೊಂದು ಸಂಸ್ಥೆಗೆ ಎಷ್ಟು ಬಾಡಿಗೆ ಹೋಗುತ್ತಿದೆ, ಮಾರಿದ ಮಾಲಿನ ದುಡ್ಡು ಆರು ತಿಂಗಳಾದರೂ ಎಷ್ಟು ಬಾಕಿ ಇದೆ, ಎಲ್ಲ ಅಲ್ಲಿದೆ. ಕಿರಾಣಿ ಅಂಗಡಿಯಲ್ಲಿ ಉದ್ರಿ ಕೊಟ್ಟದ್ದೂ ವ್ಯಾಪಾರವೇ, ಆದರೆ ಸಂಜೆ ಗಲ್ಲಾಪೆಟ್ಟಿಗೆಯಲ್ಲಿ ಅದು ಕಾಣುವುದಿಲ್ಲ. ಕಂಪನಿಯ ಲಾಭಕ್ಕೂ ನಗದಿಗೂ ನಡುವಿನ ಅಂತರ ಇದೇ. ಲಾಭ ಏರುತ್ತ, ನಗದು ಇಳಿಯುತ್ತ ಹೋದರೆ ಪೆನ್ಸಿಲ್ಲಿನಿಂದ ಗುರುತು ಹಾಕಿ, ಹಿಂದಿನ ವರ್ಷದ ವರದಿ ತೆರೆಯುತ್ತೇನೆ. ಒಂದು ಅಂಕಿಯನ್ನು ಬೆನ್ನುಹತ್ತಿ ಐದು ವರ್ಷ ಹಿಂದಕ್ಕೆ ನಡೆಯುವ ರಾತ್ರಿಗಳಲ್ಲಿ ನಿದ್ದೆಯ ನೆನಪೇ ಆಗುವುದಿಲ್ಲ.

ಈ ಬಗೆಯ ಓದಿಗೆ ನನ್ನ ಪಾಲಿನ ಹಿರಿಯ, ಹೂಡಿಕೆದಾರ ಬೆಂಜಮಿನ್ ಗ್ರಹಾಂ. 1926ರಲ್ಲಿ ಅಮೆರಿಕದ ಪೈಪ್‌ಲೈನ್ ಕಂಪನಿಗಳ ಬಗ್ಗೆ ಓದುತ್ತಿದ್ದಾಗ, ಅವು ಅಂತರರಾಜ್ಯ ವಾಣಿಜ್ಯ ಆಯೋಗಕ್ಕೆ ವಿವರವಾದ ವರದಿ ಸಲ್ಲಿಸುತ್ತವೆ ಎಂಬುದು ಅವರ ಕಣ್ಣಿಗೆ ಬಿತ್ತು. ಅವರು ವಾಷಿಂಗ್ಟನ್ನಿಗೇ ಹೋಗಿ ಕಡತ ತರಿಸಿಕೊಂಡು ಕೂತರು. ನಾರ್ದರ್ನ್ ಪೈಪ್‌ಲೈನ್ ಎಂಬ ಕಂಪನಿಯ ಷೇರು ಪೇಟೆಯಲ್ಲಿ ಸುಮಾರು 65 ಡಾಲರಿಗೆ ಸಿಗುತ್ತಿತ್ತು. ಕಡತದ ಪ್ರಕಾರ ಆ ಕಂಪನಿಯ ಬಳಿ ಒಂದೊಂದು ಷೇರಿಗೆ ಸುಮಾರು 95 ಡಾಲರ್ ಬೆಲೆಯ ರೈಲ್ವೆ ಬಾಂಡು ಮುಂತಾದ ಸ್ವತ್ತು ಸುಮ್ಮನೆ ಬಿದ್ದಿತ್ತು. ಗ್ರಹಾಂ ಷೇರು ಕೊಂಡರು, ಆಡಳಿತದವರೊಂದಿಗೆ ಜಗ್ಗಾಡಿದರು, ಕೊನೆಗೆ ಷೇರಿಗೆ 70 ಡಾಲರ್ ಹಂಚಿಕೆಯಾಯಿತು. ನನಗೆ ಲಾಭಕ್ಕಿಂತ ರೋಮಾಂಚನ ತರುವುದು ಆ ಕಡತ. ಅದರಲ್ಲಿ ಗುಟ್ಟೇನೂ ಇರಲಿಲ್ಲ. ಯಾರು ಬೇಕಾದರೂ ಹೋಗಿ ಕೇಳಬಹುದಿತ್ತು.

ಹಾಗೆಂದು ಓದಿದ್ದೆಲ್ಲ ನಿಜವೂ ಅಲ್ಲ. 2009ರ ಜನವರಿ 7ರಂದು ಸಾಫ್ಟ್‌ವೇರ್ ಕಂಪನಿ ಸತ್ಯಂನ ಅಧ್ಯಕ್ಷ ರಾಮಲಿಂಗರಾಜು, ಲೆಕ್ಕದಲ್ಲಿ ತೋರಿಸಿದ್ದ 5,040 ಕೋಟಿ ರೂಪಾಯಿ ನಗದು ಇಲ್ಲವೇ ಇಲ್ಲ ಎಂದು ಪತ್ರ ಬರೆದರು. ಮನೆಯಲ್ಲಿ ಕೂತ ಓದುಗ ಬ್ಯಾಂಕಿನ ತಿಜೋರಿಗೆ ಇಣುಕಲಾರ. ಒಂದೇ ಕಂಪನಿಯಲ್ಲಿ ಎಲ್ಲವನ್ನೂ ಇಡದಿರಲು ನನಗೆ ಈ ಕಾರಣವೇ ಸಾಕು.

ಓದು ಮುಗಿದ ಮೇಲೆ ಬರೆಯುತ್ತೇನೆ. ಷೇರು ಕೊಳ್ಳುವ ಮೊದಲು ಒಂದು ಪುಟ, ಕನ್ನಡದಲ್ಲಿ: ಈ ಕಂಪನಿ ಏನು ಮಾರುತ್ತದೆ, ಕೊಳ್ಳುವವರು ಯಾರು, ಸಾಲ ಎಷ್ಟು, ಏನಾದರೆ ನಾನು ಇದನ್ನು ಮಾರಿಬಿಡಬೇಕು. ಹೂಡಿಕೆದಾರ ವಾರನ್ ಬಫೆಟ್ ತಮ್ಮ ಷೇರುದಾರರಿಗೆ ವಾರ್ಷಿಕ ಪತ್ರ ಬರೆಯುವಾಗ ಅಕ್ಕ ಡೋರಿಸ್, ತಂಗಿ ಬರ್ಟಿ ಎದುರಿಗಿದ್ದಾರೆ ಎಂದುಕೊಳ್ಳುತ್ತಿದ್ದರಂತೆ. ಇಬ್ಬರೂ ಜಾಣರು, ಆದರೆ ಲೆಕ್ಕಶಾಸ್ತ್ರದ ಪರಿಣತರಲ್ಲ. ನಾನೂ ನನ್ನ ಪುಟವನ್ನು ಸಾಗರದಲ್ಲಿರುವ ಅಕ್ಕನಿಗೆ ಕಳಿಸುತ್ತೇನೆ. ಬರೆಯುವಾಗ ತಲೆಯಲ್ಲಿ ಗಟ್ಟಿಯಾಗಿದ್ದ ಎಷ್ಟೋ ವಾದಗಳು ವಾಕ್ಯವಾಗಲು ಒಪ್ಪುವುದಿಲ್ಲ. ಅಂಥ ಷೇರನ್ನು ಕೊಳ್ಳುವುದಿಲ್ಲ. ಬೆಳಿಗ್ಗೆ ಒಂಬತ್ತೂಕಾಲಿಗೆ ಪೇಟೆ ತೆರೆದು ಬೆಲೆಗಳು ಕುಣಿಯತೊಡಗಿದಾಗ ನಾನು ನೋಡುವುದು ಈ ಪುಟವನ್ನೇ. ಬರೆದ ಕಾರಣ ಹಾಗೇ ಇದ್ದರೆ ಬೆಲೆ ಬಿದ್ದರೂ ಕೈ ಸುಮ್ಮನಿರುತ್ತದೆ.

ಮೊನ್ನೆ ಒಂದು ಪಂಪ್ ತಯಾರಕರ ಬಗ್ಗೆ ಬರೆದು ಕಳಿಸಿದ್ದೆ. ಅಕ್ಕ ಫೋನ್ ಮಾಡಿದಳು. "ಎಲ್ಲ ಸರಿ ಕಣೋ, ಮಾರಾಟ ಅಷ್ಟೇ ಇದೆ, ಬಾಕಿ ಯಾಕೆ ಇಷ್ಟು ಬೆಳೆದಿದೆ?" ವರದಿಯಲ್ಲಿ ಇದಕ್ಕೆ ಉತ್ತರವಿಲ್ಲ. ಒಂದೇ ಷೇರು ಇದ್ದವನಿಗೂ ಸಭೆಯಲ್ಲಿ ಕೇಳುವ ಹಕ್ಕಿದೆ. ಈಗ ಸಭೆ ವಿಡಿಯೊದಲ್ಲೇ ನಡೆಯುವುದರಿಂದ ಊರು ಬಿಟ್ಟು ಹೋಗಬೇಕಾಗಿಯೂ ಇಲ್ಲ. ಕೇಳಲೆಂದೇ ಒಂದು ಷೇರು ಕೊಂಡು ಹೆಸರು ನೋಂದಾಯಿಸಿದ್ದೇನೆ, ಪ್ರಶ್ನೆಯನ್ನು ಅಕ್ಕ ಕೇಳಿದ ಮಾತಿನಲ್ಲೇ ಬರೆದುಕೊಂಡಿದ್ದೇನೆ.